ತಲೆಗೆ ಬಿದ್ದ ಪೆಟ್ಟು: ಯಾವ ವಯಸ್ಸಿಗೆ ಎಷ್ಟು, ಯಾವ ಕಾಲಕ್ಕೆ ಎಷ್ಟು? ಪುಣೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಿವೃತ್ತನಾಗುವ ಮೊದಲು ಇಪ್ಪತ್ತಾರು ವರ್ಷ ಪುಣೆಯ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿದ್ದೆ. ನಾನು ವೈದ್ಯನಲ್ಲ. ರೋಗಿ ಮನೆಗೆ ಹೋದ ಮೇಲೆ, ಕೆಲವೊಮ್ಮೆ ಮನೆಗೆ ಹೋಗದೇ ಉಳಿದಾಗ, ಅವರ ಕೇಸ್ ಪೇಪರ್ ನನ್ನ ಮೇಜಿಗೆ ಬರುತ್ತಿತ್ತು. ಅದನ್ನು ಓದಿ, ಏನಾಯಿತು ಎನ್ನುವುದಕ್ಕೆ ಒಂದು ಸಂಕೇತ, ಹೇಗಾಯಿತು ಎನ್ನುವುದಕ್ಕೆ ಇನ್ನೊಂದು ಸಂಕೇತ ಬರೆಯುವುದು ನನ್ನ ಕೆಲಸವಾಗಿತ್ತು. ಇಲ್ಲಿನ ಕನ್ನಡಿಗರು ಸೇರುವ ಕಡೆಯೆಲ್ಲ, ಮದುವೆ ಊಟದ ಪಂಕ್ತಿಯಲ್ಲಿ ಕುಳಿತಾಗಲೂ, ಯಾರಾದರೊಬ್ಬರು ತಲೆಪೆಟ್ಟಿನ ವಿಷಯ ತೆಗೆಯುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೆಳಗೆ ಬರೆದಿದ್ದೇನೆ. ಚಿಕಿತ್ಸೆಯ ಮಾತು ಬಂದಲ್ಲಿ ನಿಮ್ಮ ವೈದ್ಯರು ಹೇಳಿದ್ದೇ ಅಂತಿಮ.

ತಲೆಗೆ ಪೆಟ್ಟಾದರೆ ಮಿದುಳಿಗೂ ಗಾಯವಾಗಿದೆ ಎಂದೇ ಅರ್ಥವೇ?

ಅಲ್ಲ. ಹಣೆ ಸೀಳಿ ಬಟ್ಟೆಯೆಲ್ಲ ರಕ್ತವಾಗಿದ್ದರೂ ಮಿದುಳು ಚೆನ್ನಾಗಿರಬಹುದು. ಚರ್ಮದ ಮೇಲೆ ಗೀರೂ ಇಲ್ಲದೆ ಒಳಗೆ ರಕ್ತ ಸೋರುತ್ತಿರಬಹುದು. ನಮ್ಮ ಸಂಕೇತ ಪುಸ್ತಕವಾದ ಐಸಿಡಿ-10ರಲ್ಲಿ ತಲೆಯ ಚರ್ಮದ ಮೇಲ್ಮೇಲಿನ ಗಾಯಕ್ಕೆ ಎಸ್00, ಬುರುಡೆಯ ಮೂಳೆ ಮುರಿದರೆ ಎಸ್02, ಒಳಗಿನ ಮಿದುಳಿಗೆ ಪೆಟ್ಟಾದರೆ ಎಸ್06 ಎಂದು ಬೇರೆ ಬೇರೆ ಮನೆಗಳಿವೆ. ತೀವ್ರತೆಯನ್ನು ಅಳೆಯಲು ವೈದ್ಯರು 1974ರಲ್ಲಿ ಗ್ಲಾಸ್ಗೋದಲ್ಲಿ ರೂಪುಗೊಂಡ ಮಾಪಕವನ್ನು ಬಳಸುತ್ತಾರೆ. ಕಣ್ಣು ತೆರೆಯುವುದು, ಮಾತನಾಡುವುದು, ಕೈಕಾಲು ಆಡಿಸುವುದು, ಈ ಮೂರಕ್ಕೆ ಸೇರಿ 3ರಿಂದ 15ರವರೆಗೆ ಅಂಕ. 13ರಿಂದ 15 ಬಂದರೆ ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ತೀವ್ರ. ಸೌಮ್ಯ ಎನ್ನುವ ಮಾತನ್ನು ನಂಬಿ ಮೈಮರೆಯಬೇಡಿ. ಅದು ಆ ಗಳಿಗೆಯ ಅಂಕ ಮಾತ್ರ, ನಾಳೆಯ ಭರವಸೆ ಅಲ್ಲ.

ಯಾವ ವಯಸ್ಸಿನವರಿಗೆ ಹೆಚ್ಚು?

ಎಲ್ಲರೂ ತಟ್ಟನೆ "ಬೈಕ್ ಓಡಿಸುವ ಹುಡುಗರಿಗೆ" ಎನ್ನುತ್ತಾರೆ. ಅದು ಮೂರನೆಯ ಒಂದು ಪಾಲು ಉತ್ತರ. ವಯಸ್ಸನ್ನು ಅಡ್ಡಗೆರೆಯಲ್ಲೂ ದರವನ್ನು ಉದ್ದಗೆರೆಯಲ್ಲೂ ಇಟ್ಟು ಚಿತ್ರ ಬರೆದರೆ ಅದು ಒಂಟೆಯ ಬೆನ್ನಿನಂತೆ ಬರುತ್ತದೆ, ಆದರೆ ಗೂನು ಮೂರು. ನಡೆಯಲು ಕಲಿಯುವ ಮಕ್ಕಳದ್ದು ಮೊದಲನೆಯದು. ಹದಿಹರೆಯದಿಂದ ಇಪ್ಪತ್ತರ ಹರೆಯದವರೆಗಿನದು ಎರಡನೆಯದು. ಎಪ್ಪತ್ತು ದಾಟಿದವರದ್ದು ಮೂರನೆಯದು.

ಅಮೆರಿಕದಲ್ಲಿ ಇದನ್ನು ಅಚ್ಚುಕಟ್ಟಾಗಿ ಎಣಿಸುತ್ತಾರೆ. 2014ರಲ್ಲಿ ಅಲ್ಲಿ ಮಿದುಳಿನ ಗಾಯಕ್ಕಾಗಿ ತುರ್ತು ವಿಭಾಗಕ್ಕೆ ಬಂದವರ ದರ, 75 ದಾಟಿದವರಲ್ಲಿ ಲಕ್ಷಕ್ಕೆ ಸುಮಾರು 1,682. ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು 1,619. 15ರಿಂದ 24ರ ಯುವಕ ಯುವತಿಯರಲ್ಲಿ ಸುಮಾರು 1,010. ಹುಡುಗರಿಗಿಂತ ಅಜ್ಜ ಅಜ್ಜಿಯರೇ ಮುಂದೆ! ಕಾರಣವೂ ವಯಸ್ಸಿನೊಂದಿಗೆ ಬದಲಾಗುತ್ತದೆ. ಎರಡು ತುದಿಗಳಲ್ಲಿ ಬೀಳುವುದು, ನಡುವಿನಲ್ಲಿ ವಾಹನ. ಆ ವರ್ಷ ಅಲ್ಲಿ ಇಂಥ ತುರ್ತು ಭೇಟಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಕಾರಣ ಬಿದ್ದದ್ದು.

ಬಂದವರ ಲೆಕ್ಕ ಬೇರೆ, ಸತ್ತವರ ಲೆಕ್ಕ ಬೇರೆ ಎಂಬುದನ್ನೂ ಗಮನಿಸಿ. ಮಕ್ಕಳು ಹೆಚ್ಚಾಗಿ ಬರುತ್ತಾರೆ, ಅಳುತ್ತಾರೆ, ಬಿಸ್ಕತ್ತು ತಿಂದು ಮನೆಗೆ ಹೋಗುತ್ತಾರೆ. ವಯಸ್ಸಾದವರು ಬಂದರೆ ದಾಖಲಾಗುವುದೂ ಹೆಚ್ಚು, ತೀರಿಕೊಳ್ಳುವುದೂ ಹೆಚ್ಚು.

ಲಕ್ಷಕ್ಕೆ ಇಷ್ಟು ಎಂದು ಏಕೆ ಹೇಳುತ್ತೀರಿ? ಒಟ್ಟು ಸಂಖ್ಯೆ ಹೇಳಿದರೆ ಸಾಲದೇ?

ಸಾಲದು. ನನ್ನ ಮೇಜಿಗೆ ಬರುತ್ತಿದ್ದ ಕಾಗದಗಳಲ್ಲಿ ಇಪ್ಪತ್ತೈದರ ಹುಡುಗರೇ ಹೆಚ್ಚು. ಪುಣೆ ತುಂಬ ಕಾಲೇಜು, ಐಟಿ ಕಂಪನಿ. ಇಪ್ಪತ್ತೈದರವರೇ ಹೆಚ್ಚಾಗಿರುವ ಊರಿನಲ್ಲಿ ಇಪ್ಪತ್ತೈದರವರೇ ಹೆಚ್ಚು ಬೀಳುವುದು ಆಶ್ಚರ್ಯವೇ? ಎಂಬತ್ತರವರು ಊರಿನಲ್ಲಿ ಇರುವುದೇ ಕೆಲವರು. ಆ ಕೆಲವರಲ್ಲಿ ಎಷ್ಟು ಜನ ಬಿದ್ದರು ಎಂದು ಭಾಗಿಸಿ ನೋಡಿದಾಗ ಮಾತ್ರ ಅಪಾಯ ಕಾಣುತ್ತದೆ.

ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆಯೇ?

ಈ ಪ್ರಶ್ನೆಗೆ ಹೌದು ಎನ್ನುವವರ ಮೇಲೂ ಅಲ್ಲ ಎನ್ನುವವರ ಮೇಲೂ ನನಗೆ ಅನುಮಾನ. ಮೊದಲು "ಯಾವುದನ್ನು ಎಣಿಸಿದಿರಿ?" ಎಂದು ಕೇಳಬೇಕು.

ಅಮೆರಿಕದಲ್ಲಿ 2006ರಿಂದ 2014ರವರೆಗೆ ತುರ್ತು ಭೇಟಿ, ದಾಖಲಾತಿ, ಸಾವು ಮೂರನ್ನೂ ಕೂಡಿಸಿದ ಸಂಖ್ಯೆ 53 ಪ್ರತಿಶತ ಏರಿ ಸುಮಾರು 28.7 ಲಕ್ಷಕ್ಕೆ ಮುಟ್ಟಿತು. ಎಂಟು ವರ್ಷಗಳಲ್ಲಿ ಜನರ ಬುರುಡೆ ಅಷ್ಟು ಮೆತ್ತಗಾಯಿತೇ? ಏರಿದ್ದು ಬಹುಪಾಲು ತುರ್ತು ಭೇಟಿಗಳು. ಸಾವಿನ ದರ ಹಾಗೆ ಏರಲಿಲ್ಲ. ಆಟದಲ್ಲಿ ತಲೆಗೆ ಪೆಟ್ಟಾದರೆ ಸುಮ್ಮನಿರಬಾರದು ಎಂಬ ತಿಳಿವಳಿಕೆ ಆ ವರ್ಷಗಳಲ್ಲಿ ಹರಡಿತು. ಹಿಂದೆ ಮನೆಯಲ್ಲೇ ಐಸ್ ಇಟ್ಟು ಮಲಗಿಸುತ್ತಿದ್ದವರು ಆಸ್ಪತ್ರೆಗೆ ಕರೆತಂದರು. ಜೊತೆಗೆ ಮುದುಕರ ಸಂಖ್ಯೆಯೂ ಬೆಳೆಯಿತು. 2015ರ ಅಕ್ಟೋಬರ್‌ನಲ್ಲಿ ಅಲ್ಲಿನ ಆಸ್ಪತ್ರೆಗಳು ಹಳೆಯ ಸಂಕೇತ ಪದ್ಧತಿ ಬಿಟ್ಟು ಹೊಸದಕ್ಕೆ ಬಂದವು. ಅದಾದ ಮೇಲೆ ಹಿಂದಿನ ಅಂಕಿ ಮತ್ತು ಮುಂದಿನ ಅಂಕಿಗಳನ್ನು ಒಂದೇ ಗೆರೆಯಲ್ಲಿ ಜೋಡಿಸುವಂತಿಲ್ಲ. ನನ್ನಂಥ ಗುಮಾಸ್ತರು ಪುಸ್ತಕ ಬದಲಿಸಿದರೆ ಒಂದು ದೇಶದ ಕಾಯಿಲೆಯ ಗೆರೆಯೇ ಏರಿಳಿಯುತ್ತದೆ. ಇದನ್ನು ಹೇಳಿದರೆ ಪಂಕ್ತಿಯಲ್ಲಿ ಯಾರೂ ನಂಬುವುದಿಲ್ಲ.

ಇಡೀ ಜಗತ್ತನ್ನು ಒಟ್ಟಿಗೆ ಲೆಕ್ಕ ಹಾಕಿದ ಅಂದಾಜೂ ಇದೆ. 2016ರಲ್ಲಿ ಸುಮಾರು 2.7 ಕೋಟಿ ಹೊಸ ಪ್ರಕರಣಗಳು, ಲಕ್ಷಕ್ಕೆ ಸುಮಾರು 369. ವಯಸ್ಸಿನ ಹಂಚಿಕೆಯ ವ್ಯತ್ಯಾಸವನ್ನು ಸರಿದೂಗಿಸಿದ ಮೇಲೆ 1990ಕ್ಕೆ ಹೋಲಿಸಿದರೆ ದರ ಏರಿದ್ದು 3.6 ಪ್ರತಿಶತದಷ್ಟು ಮಾತ್ರ. ಇಪ್ಪತ್ತಾರು ವರ್ಷಗಳಿಗೆ ಇದು ಸಣ್ಣ ಏರಿಕೆ.

ನನಗೆ ದರಕ್ಕಿಂತ ದೊಡ್ಡದಾಗಿ ಕಾಣುವುದು ರೋಗಿಯ ವಯಸ್ಸು ಬದಲಾದದ್ದು. 1980ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ತೀವ್ರ ಗಾಯಗೊಂಡವರ ಒಂದು ದೊಡ್ಡ ದಾಖಲೆ ಮಾಡಿದ್ದರು. ಅದರಲ್ಲಿ ಎಲ್ಲರನ್ನೂ ವಯಸ್ಸಿನಂತೆ ಸಾಲಾಗಿ ನಿಲ್ಲಿಸಿದರೆ ನಡುಮಧ್ಯದ ರೋಗಿಯ ವಯಸ್ಸು 25. 2014ರಿಂದ 2017ರವರೆಗೆ ಯುರೋಪಿನಲ್ಲಿ ಸೌಮ್ಯದಿಂದ ತೀವ್ರದವರೆಗೆ ಎಲ್ಲ ಬಗೆಯವರನ್ನೂ ಸೇರಿಸಿ ನಡೆದ ಅಧ್ಯಯನದಲ್ಲಿ ಅದು 50. ನೂರರಲ್ಲಿ 28 ಜನ 65 ದಾಟಿದವರು. ಎರಡೂ ಒಂದೇ ತಕ್ಕಡಿಯವಲ್ಲ, ನಿಜ. ಆದರೂ ರಸ್ತೆ ಸುಧಾರಿಸಿ, ಸೀಟ್‌ಬೆಲ್ಟ್ ಬಂದು, ಕುಡಿದು ಓಡಿಸುವುದು ತಗ್ಗಿದ ದೇಶಗಳಲ್ಲಿ ತಲೆಪೆಟ್ಟು ಹುಡುಗರಿಂದ ಅಜ್ಜಂದಿರ ಕಡೆಗೆ ಸರಿದಿರುವುದು ಸ್ಪಷ್ಟ.

ನಮ್ಮ ದೇಶದ ಲೆಕ್ಕ ಹೇಗಿದೆ?

ನಾವು ಇನ್ನೂ ಎರಡನೆಯ ಗೂನಿನ ಮೇಲೆ ಕುಳಿತಿದ್ದೇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಜಿ. ಗುರುರಾಜ್ ಅವರು ಮಾಡಿದ ಕೆಲಸ ಈ ವಿಷಯಕ್ಕೆ ಅಡಿಪಾಯ. ಅವರ ಲೆಕ್ಕದಂತೆ ಭಾರತದಲ್ಲಿ ಮಿದುಳಿನ ಗಾಯಗಳಲ್ಲಿ ಸುಮಾರು 60 ಪ್ರತಿಶತಕ್ಕೆ ರಸ್ತೆ ಅಪಘಾತ ಕಾರಣ, 20ರಿಂದ 25 ಪ್ರತಿಶತಕ್ಕೆ ಬೀಳುವುದು, ಸುಮಾರು 10 ಪ್ರತಿಶತಕ್ಕೆ ಹೊಡೆದಾಟ.

ರಸ್ತೆಯ ಲೆಕ್ಕವನ್ನು ಕೇಂದ್ರದ ಸಾರಿಗೆ ಸಚಿವಾಲಯ ಪ್ರತಿ ವರ್ಷ ಪ್ರಕಟಿಸುತ್ತದೆ. 2022ರಲ್ಲಿ 4,61,312 ಅಪಘಾತ, 1,68,491 ಸಾವು. ಸತ್ತವರಲ್ಲಿ ಮೂವರಲ್ಲಿ ಇಬ್ಬರು 18ರಿಂದ 45ರ ನಡುವಿನವರು. ಶೇಕಡಾ 44.5ರಷ್ಟು ಜನ ದ್ವಿಚಕ್ರದಲ್ಲಿದ್ದವರು. ಆದರೆ ಅವರ ತಲೆಗೆ ಪೆಟ್ಟಾಯಿತೇ, ಎದೆಗೇ, ಹೊಟ್ಟೆಗೇ ಎಂಬುದಕ್ಕೆ ಆ ವರದಿಯಲ್ಲಿ ಕಾಲಂ ಇಲ್ಲ. ಅದು ಪೊಲೀಸರ ಲೆಕ್ಕ, ಆಸ್ಪತ್ರೆಯದ್ದಲ್ಲ. ಸ್ನಾನದ ಮನೆಯಲ್ಲಿ ಜಾರಿದವರನ್ನು ಯಾವ ಠಾಣೆಯೂ ಎಣಿಸುವುದಿಲ್ಲ.

ಮೂರನೆಯ ಗೂನು ನಮ್ಮಲ್ಲೂ ಎದ್ದೇಳುತ್ತಿದೆ. 2011ರ ಜನಗಣತಿಯಲ್ಲೇ 60 ದಾಟಿದವರು ದೇಶದಲ್ಲಿ 8.6 ಪ್ರತಿಶತ, ಮಹಾರಾಷ್ಟ್ರದಲ್ಲಿ 9.9, ಗೋವಾದಲ್ಲಿ 11.2. ಕೆಲಸದ ಕೊನೆಯ ವರ್ಷಗಳಲ್ಲಿ ನನ್ನ ಮೇಜಿನ ಮೇಲೂ ಬಿಳಿ ಕೂದಲಿನವರ ಕಾಗದಗಳ ಕಟ್ಟು ದಪ್ಪವಾಗುತ್ತಾ ಬಂತು. ಇದು ನನ್ನ ಕಣ್ಣಂದಾಜು ಮಾತ್ರ.

ಊರಿನಿಂದ ಬಂದ ನಮ್ಮ ತಂದೆ ರಾತ್ರಿ ಬಚ್ಚಲಲ್ಲಿ ಜಾರಿದರು. ಏನೂ ಆಗಿಲ್ಲ ಎನ್ನುತ್ತಾರೆ. ಬಿಟ್ಟುಬಿಡೋಣವೇ?

ಬಿಡಬೇಡಿ. ಅತಿ ಹೆಚ್ಚು ಬಂದ ಪ್ರಶ್ನೆ ಇದೇ, ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ನಮ್ಮವರ ಮನೆಗಳ ಕಥೆ ಒಂದೇ. ಗಂಡ ಹೆಂಡತಿ ಇಬ್ಬರಿಗೂ ಹಿಂಜವಾಡಿಯಲ್ಲಿ ಕೆಲಸ. ಮೊಮ್ಮಗುವನ್ನು ನೋಡಿಕೊಳ್ಳಲು ಧಾರವಾಡದಿಂದಲೋ ವಿಜಯಪುರದಿಂದಲೋ ಹಿರಿಯರು ಬರುತ್ತಾರೆ. ಊರಿನ ಮನೆಯಲ್ಲಿ ಕಡಪಾ ಕಲ್ಲಿನ ಒರಟು ನೆಲ, ಕತ್ತಲಲ್ಲೂ ಕಾಲಿಗೆ ಗೊತ್ತಿರುವ ಹೊಸ್ತಿಲು. ಇಲ್ಲಿ ಹನ್ನೊಂದನೆಯ ಮಹಡಿ, ಕನ್ನಡಿಯಂಥ ಟೈಲ್ಸ್, ಮಲಗುವ ಕೋಣೆಯ ದೀಪದ ಗುಂಡಿ ಎಲ್ಲೋ ಮೂಲೆಯಲ್ಲಿ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ರಾತ್ರಿ ಎರಡಕ್ಕೆ ಎದ್ದರೆ ತಲೆ ತಿರುಗುತ್ತದೆ. ಹೊಸ ಜಾಗ ಬೇರೆ. ಬೀಳುತ್ತಾರೆ. ಮಗ ಸೊಸೆಗೆ ತೊಂದರೆಯಾಗಬಾರದೆಂದು ಬೆಳಿಗ್ಗೆ ಹೇಳುವುದೇ ಇಲ್ಲ.

ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ. ಬುರುಡೆಯ ಗಾತ್ರ ಅಷ್ಟೇ ಇರುತ್ತದೆ. ನಡುವಿನ ಜಾಗದಲ್ಲಿ ಸೇತುವೆಯಂತೆ ಹಾದುಹೋಗುವ ಸಣ್ಣ ರಕ್ತನಾಳಗಳು ಬಿಗಿದ ದಾರದಂತಾಗುತ್ತವೆ. ಸಣ್ಣ ಪೆಟ್ಟಿಗೂ ಹರಿಯುತ್ತವೆ. ರಕ್ತ ಹನಿಹನಿಯಾಗಿ ಸೋರಿ ದಿನಗಟ್ಟಲೆ, ವಾರಗಟ್ಟಲೆ ಸಂಗ್ರಹವಾಗುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತಿನ್ನುವವರಿಗೆ, ವಾರ್ಫರಿನ್ ತಿನ್ನುವವರಿಗೆ, ಅಂದರೆ ರಕ್ತ ತೆಳುವಾಗಿಸುವ ಮಾತ್ರೆಯವರಿಗೆ, ಅಪಾಯ ಇನ್ನೂ ಹೆಚ್ಚು. ಎರಡು ಮೂರು ವಾರಗಳ ನಂತರ ತಲೆನೋವು, ಒಂದು ಪಕ್ಕ ಎಳೆದಂತೆ ನಡೆಯುವುದು, ಹಗಲೆಲ್ಲ ತೂಕಡಿಕೆ, ಮಾತು ತಪ್ಪುವುದು ಶುರುವಾಗುತ್ತದೆ. ಮನೆಯವರು "ವಯಸ್ಸಾಯಿತು, ಮರೆವು" ಎನ್ನುತ್ತಾರೆ. ಅಷ್ಟರಲ್ಲಿ ಬಿದ್ದ ಸಂಗತಿ ಎಲ್ಲರಿಗೂ ಮರೆತಿರುತ್ತದೆ. ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ. ಸಮಯಕ್ಕೆ ಹೋದರೆ ಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಆ ರಕ್ತ ತೆಗೆಯುತ್ತಾರೆ, ಬಹಳಷ್ಟು ಜನ ಎದ್ದು ನಡೆಯುತ್ತಾರೆ.

ಆದ್ದರಿಂದ ವಯಸ್ಸಾದವರು ತಲೆಗೆ ಪೆಟ್ಟು ಮಾಡಿಕೊಂಡರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ, ಅಂದೇ ತೋರಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಆ ತೀರ್ಮಾನ ವೈದ್ಯರದು. ಬಿದ್ದ ದಿನಾಂಕವನ್ನು ಕ್ಯಾಲೆಂಡರ್ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲಿ, ಬರೆದಿಡಿ. ಬಚ್ಚಲಿಗೆ ಹಿಡಿಕೆ ಹಾಕಿಸಲು ಆಗುವ ಖರ್ಚು ಒಂದು ಸ್ಕ್ಯಾನಿನ ಖರ್ಚಿಗಿಂತ ಕಡಿಮೆ.

ಮಗು ಮಂಚದಿಂದ ಬಿತ್ತು. ಸ್ಕ್ಯಾನ್ ಮಾಡಿಸಲೇಬೇಕೇ?

ಎಲ್ಲ ಮಕ್ಕಳಿಗೂ ಬೇಡ. ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಭಾರವೂ ಹೆಚ್ಚು, ಹಾಗಾಗಿ ಬಿದ್ದರೆ ತಲೆಯೇ ಮೊದಲು ತಗಲುತ್ತದೆ. 2009ರಲ್ಲಿ ಪ್ರಕಟವಾದ, 42,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದ ಅಮೆರಿಕದ ಅಧ್ಯಯನದಲ್ಲಿ ಗಂಭೀರ ಗಾಯ ಕಂಡದ್ದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಮಕ್ಕಳಲ್ಲಿ. ಸಿ.ಟಿ. ಸ್ಕ್ಯಾನಿನ ವಿಕಿರಣ ಎಳೆಯ ಮಕ್ಕಳಿಗೆ ಒಳ್ಳೆಯದಲ್ಲ. ಅದಕ್ಕಾಗಿ ವೈದ್ಯರು ಮೊದಲು ಕೆಲವು ಗುರುತುಗಳನ್ನು ನೋಡುತ್ತಾರೆ. ಎರಡು ವರ್ಷದೊಳಗಿನ ಮಗುವಾದರೆ ಮೂರು ಅಡಿಗಿಂತ ಎತ್ತರದಿಂದ ಬಿತ್ತೇ, ಪ್ರಜ್ಞೆ ತಪ್ಪಿತೇ, ಊತ ಹಣೆಯ ಮೇಲಿದೆಯೇ ಅಥವಾ ಪಕ್ಕದಲ್ಲೋ ಹಿಂಭಾಗದಲ್ಲೋ ಇದೆಯೇ ಎಂದು ನೋಡುತ್ತಾರೆ. ಹಣೆಯ ಬೋರೆ ನೋಡಲು ಭಯಂಕರ, ಆದರೆ ಕಿವಿಯ ಮೇಲಿನ ಮೆತ್ತನೆಯ ಊತವೇ ಹೆಚ್ಚು ಚಿಂತೆಯದು. "ಮಗು ಎಂದಿನಂತಿಲ್ಲ" ಎಂದು ತಾಯಿ ಹೇಳಿದರೆ ಅದೂ ಆ ಪಟ್ಟಿಯಲ್ಲಿ ಒಂದು ಲಕ್ಷಣ. ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ನಿದ್ದೆ, ಸೆಳೆತ ಇದ್ದರೆ ಯಾವ ವಯಸ್ಸಾದರೂ ಓಡಿ.

ಸೊಸೈಟಿಯ ಗೇಟಿನಿಂದ ಅಂಗಡಿಗೆ ಹೋಗಿ ಬರಲೂ ಹೆಲ್ಮೆಟ್ ಬೇಕೇ?

ಪುಣೆಯಲ್ಲಿ ಇದು ರಾಜಕೀಯ ಪ್ರಶ್ನೆ. ಹೆಲ್ಮೆಟ್ ವಿರುದ್ಧವೇ ಸಂಘಟನೆ ಕಟ್ಟಿ ಮೆರವಣಿಗೆ ಮಾಡಿದ ಊರು ಇದು. ಅವರ ವಾದ ಕೇಳಿದ್ದೇನೆ, ಅವರ ಪೈಕಿ ಕೆಲವರ ಕೇಸ್ ಪೇಪರ್ ಓದಿದ್ದೇನೆ, ಇನ್ನು ವಾದಿಸುವ ಆಸಕ್ತಿ ನನಗಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಮಾಡಿದ ಪರಿಶೀಲನೆಯಂತೆ ಹೆಲ್ಮೆಟ್ ತಲೆಗಾಯದ ಅಪಾಯವನ್ನು ಸುಮಾರು 69 ಪ್ರತಿಶತ, ಸಾವಿನ ಅಪಾಯವನ್ನು ಸುಮಾರು 42 ಪ್ರತಿಶತ ತಗ್ಗಿಸುತ್ತದೆ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂಬದಿ ಸವಾರರು. ಗಂಡನಿಗೆ ಹೆಲ್ಮೆಟ್, ಹಿಂದೆ ಪಕ್ಕಕ್ಕೆ ತಿರುಗಿ ಕುಳಿತ ಹೆಂಡತಿಗೆ ಸೆರಗು, ಮಧ್ಯದ ಮಗುವಿಗೆ ಏನೂ ಇಲ್ಲ! ನಾಲ್ಕು ವರ್ಷ ದಾಟಿದ ಎಲ್ಲರಿಗೂ ಕಾನೂನು ಒಂದೇ. ಅದಕ್ಕಿಂತ ಚಿಕ್ಕವರಿಗೂ, ಒಂಬತ್ತು ತಿಂಗಳಿನಿಂದಲೇ, 2023ರ ಫೆಬ್ರುವರಿಯಿಂದ ಹೆಲ್ಮೆಟ್ ಮತ್ತು ಸವಾರನಿಗೆ ಕಟ್ಟುವ ಪಟ್ಟಿ ಕಡ್ಡಾಯ, ವೇಗ 40 ಕಿ.ಮೀ. ಮೀರುವಂತಿಲ್ಲ. ಐ.ಎಸ್.ಐ. ಗುರುತು ನೋಡಿ ಕೊಳ್ಳಿ, ಗದ್ದದ ಪಟ್ಟಿ ಕಟ್ಟಿ. ಕಟ್ಟದ ಹೆಲ್ಮೆಟ್ ನಿಮಗಿಂತ ಮೊದಲು ರಸ್ತೆ ಮುಟ್ಟುತ್ತದೆ.

ಮುಂಬಯಿ ಲೋಕಲ್ ರೈಲು, ದಹಿ ಹಂಡಿ, ಗೋವಾದ ಕಟ್ಟಡ ಕೆಲಸ, ಇವೆಲ್ಲ ಯಾವ ಲೆಕ್ಕದಲ್ಲಿ?

ಮೂರೂ ಎರಡನೆಯ ಗೂನಿನವು, ದುಡಿಯುವ ವಯಸ್ಸಿನವು. ಮುಂಬಯಿಯ ಉಪನಗರ ರೈಲು ಮಾರ್ಗಗಳಲ್ಲಿ 2023ರಲ್ಲಿ 2,590 ಜನ ಸತ್ತರು. ಹಳಿ ದಾಟುವಾಗ ಹೋದವರು, ಬಾಗಿಲಿನಿಂದ ಬಿದ್ದವರು ಎಲ್ಲ ಸೇರಿ. ಹಿಂದಿನ ದಶಕದಲ್ಲಿ ಅದು ವರ್ಷಕ್ಕೆ ಮೂರು ಸಾವಿರದ ಮೇಲಿತ್ತು, ಆ ಮಟ್ಟಿಗೆ ಇಳಿದಿದೆ. ದಹಿ ಹಂಡಿಯಲ್ಲಿ ಮೊಸರ ಕುಡಿಕೆ ಒಡೆಯಲು ಕಟ್ಟುವ ಮನುಷ್ಯ ಗೋಪುರದ ಮೇಲಿನ ಮೆಟ್ಟಿಲಿಗೆ ಹಗುರವೆಂದು ಮಕ್ಕಳನ್ನೇ ಹತ್ತಿಸುತ್ತಿದ್ದರು. ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ 2017ರಿಂದ 14ರ ಕೆಳಗಿನವರು ಹತ್ತುವಂತಿಲ್ಲ.

ಗೋವಾದ ಮಾತು ಬೇರೆ. ವಾಸ್ಕೋ, ಝುವಾರಿನಗರದ ಕಡೆ ಇರುವ ನಮ್ಮ ಬಾಗಲಕೋಟೆ, ವಿಜಯಪುರ, ಗದಗದ ಜನ ಕಟ್ಟಡಗಳ ಮೇಲೆ ಕೆಲಸ ಮಾಡುತ್ತಾರೆ. ಸಾರವೆಯ ಮೇಲಿಂದ ಬಿದ್ದವರನ್ನು ಗುತ್ತಿಗೆದಾರ ಒಮ್ಮೊಮ್ಮೆ ಒಂದಿಷ್ಟು ಹಣ ಕೊಟ್ಟು ಊರಿಗೆ ಸಾಗಿಸುತ್ತಾನೆ. ಅಂಥವರು ಗೋವಾದ ಲೆಕ್ಕಕ್ಕೂ ಇಲ್ಲ, ಕೆಲಸದ ಅಪಘಾತದ ಲೆಕ್ಕಕ್ಕೂ ಇಲ್ಲ. ನಿಮ್ಮವರಾದರೆ ಬಿದ್ದ ಜಾಗದ ಸಮೀಪದ ಸರ್ಕಾರಿ ಆಸ್ಪತ್ರೆಗೇ ಮೊದಲು ಕರೆದೊಯ್ದು, ಕೆಲಸದಲ್ಲಿ ಬಿದ್ದದ್ದು ಎಂದು ಬರೆಸಿ. ಪರಿಹಾರ ಕೇಳುವಾಗ ಆ ಒಂದು ಸಾಲೇ ಆಧಾರ.

ಗಂಡಸರಿಗೇ ಹೆಚ್ಚೇ?

ಹೌದು, ದಾಖಲಾತಿಯಲ್ಲೂ ಸಾವಿನಲ್ಲೂ. ವಯಸ್ಸಾದಂತೆ ಅಂತರ ಕಡಿಮೆಯಾಗುತ್ತದೆ. "ಮೆಟ್ಟಿಲ ಮೇಲಿಂದ ಬಿದ್ದೆ" ಎಂದು ಪದೇ ಪದೇ ಬರೆಸುವ ಮೂವತ್ತರ ಹೆಂಗಸರ ಕಾಗದಗಳನ್ನೂ ನಾನು ನೋಡಿದ್ದೇನೆ. ಎಲ್ಲರ ಮನೆಯ ಮೆಟ್ಟಿಲೂ ಅಷ್ಟು ಕೆಟ್ಟದಾಗಿರಲಾರದು.

ಕೊರೊನಾ ಕಾಲದಲ್ಲಿ ಕಡಿಮೆಯಾಯಿತೇ?

2020ರಲ್ಲಿ ರಸ್ತೆ ಸಾವುಗಳು ಇಳಿದವು. ರಸ್ತೆ ತೆರೆದ ಮೇಲೆ ಮತ್ತೆ ಏರಿ, 2022ರಲ್ಲಿ ಹಿಂದಿನ ಮಟ್ಟವನ್ನೂ ದಾಟಿದವು. ಅಂಥ ಒಂದು ವರ್ಷವನ್ನು ಹಿಡಿದು "ಇಳಿಯಿತು", "ಏರಿತು" ಎನ್ನುವ ಸುದ್ದಿಯನ್ನು ಓದುವಾಗ ಹಿಂದು ಮುಂದಿನ ನಾಲ್ಕಾರು ವರ್ಷವನ್ನೂ ಜೊತೆಗೆ ನೋಡಿ.

ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಿದರೆ ಪೊಲೀಸ್ ಕೇಸು ಮೈಮೇಲೆ ಬರುತ್ತದೆಯೇ?

ಬರುವುದಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ನೆರವು ನೀಡುವವರ ರಕ್ಷಣೆಗೆ ಬಲ ಕೊಟ್ಟಿತು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನಲ್ಲೇ ಅದು ಇದೆ. ಹೆಸರು ಹೇಳದೆಯೂ ಹೊರಟುಬಿಡಬಹುದು. 108ಕ್ಕೆ ಕರೆ ಮಾಡಿ. ಕುತ್ತಿಗೆ ಅಲುಗಾಡದಂತೆ ನೋಡಿಕೊಳ್ಳಿ, ಬಾಯಿಗೆ ನೀರು ಹಾಕಬೇಡಿ. ಅದೊಂದು ನಮ್ಮವರಿಗೆ ಬಿಡಲಾರದ ಅಭ್ಯಾಸ.

ಆಸ್ಪತ್ರೆಯಲ್ಲಿ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳುತ್ತಾರೆ. ಏಕೆ?

ಮೊದಲೇ ಹೇಳಿದೆನಲ್ಲ, ಎರಡು ಸಂಕೇತ. ಏನಾಯಿತು ಎಂಬುದು ಸ್ಕ್ಯಾನಿನಲ್ಲಿ ಸಿಗುತ್ತದೆ. ಹೇಗಾಯಿತು ಎಂಬುದು ನಿಮ್ಮ ಬಾಯಿಂದಲೇ ಬರಬೇಕು. ವಾಹನಕ್ಕೆ ವಿ ಅಕ್ಷರದ ಸಂಕೇತಗಳು, ಬೀಳುವುದಕ್ಕೆ ಡಬ್ಲ್ಯೂ00ರಿಂದ ಡಬ್ಲ್ಯೂ19. ಮಂಚದಿಂದ, ಏಣಿಯಿಂದ, ಮೆಟ್ಟಿಲಿನಿಂದ, ಜಾರಿ, ಎಡವಿ, ಪ್ರತಿಯೊಂದಕ್ಕೂ ಬೇರೆ ಬೇರೆ. ಊರಿನಿಂದ ಬಂದ ಅಜ್ಜಿ ಕನ್ನಡದಲ್ಲಿ "ಹಸಿ ನೆಲದ ಮೇಲೆ ಕಾಲು ಜಾರಿತು" ಎನ್ನುತ್ತಾರೆ. ಮಗ ಮರಾಠಿಯಲ್ಲಿ "ಪಡಲ್ಯಾ" ಎಂದು ಒಂದೇ ಶಬ್ದದಲ್ಲಿ ಮುಗಿಸುತ್ತಾನೆ. ಕಾಗದದ ಮೇಲೆ "ಬಿದ್ದರು" ಎಂದಷ್ಟೇ ಇದ್ದರೆ ನಾನು ಡಬ್ಲ್ಯೂ19 ಬರೆಯಬೇಕು. ಹೇಗೆ ಬಿದ್ದರೋ ಗೊತ್ತಿಲ್ಲ ಎಂಬ ಮನೆ ಅದು. ನನ್ನ ಇಪ್ಪತ್ತಾರು ವರ್ಷಗಳಲ್ಲಿ ಅತಿ ಹೆಚ್ಚು ತುಂಬಿದ ಮನೆಗಳಲ್ಲಿ ಅದೂ ಒಂದು.

ಇನ್ನೊಂದು ಸಂಗತಿ ಇದಕ್ಕಿಂತ ತುರ್ತಿನದು. ಗ್ಲಾಸ್ಗೋ ಮಾಪಕದಲ್ಲಿ ಮಾತಿಗೆ ಐದು ಅಂಕ. ದಿನ ಯಾವುದು, ಎಲ್ಲಿದ್ದೀರಿ ಎಂಬುದಕ್ಕೆ ಸರಿಯಾಗಿ ಉತ್ತರಿಸಿದರೆ ಐದು, ಗೊಂದಲವಿದ್ದರೆ ನಾಲ್ಕು, ಬಿಡಿ ಬಿಡಿ ಶಬ್ದವಾದರೆ ಮೂರು. ಕೇಳುವವರು ಮರಾಠಿಯಲ್ಲೋ ಹಿಂದಿಯಲ್ಲೋ ಕೇಳಿ, ಅಜ್ಜಿ ಅರ್ಥವಾಗದೆ ಕಣ್ಣು ಪಿಳಿಪಿಳಿ ಬಿಟ್ಟರೆ, ಅದು ಗಾಯದ ಗೊಂದಲವೋ ಭಾಷೆಯ ಗೊಂದಲವೋ ಎಂದು ಕಾಗದ ಹೇಳುವುದಿಲ್ಲ. ಇದು ತಿರುಗುಮುರುಗಾದರೆ ಇನ್ನೂ ಕಷ್ಟ. ನಿಜವಾಗಿ ಮಾತು ತಪ್ಪುತ್ತಿದ್ದರೂ "ಅವರಿಗೆ ನಮ್ಮ ಭಾಷೆ ಬರುವುದಿಲ್ಲ" ಎಂದು ಬಿಟ್ಟುಬಿಡಬಹುದು. ಅದಕ್ಕೆ ಕನ್ನಡ ಬಲ್ಲ ಒಬ್ಬರು ಮಂಚದ ಪಕ್ಕದಲ್ಲೇ ಇರಬೇಕು, ಮೊದಲ ರಾತ್ರಿಯಾದರೂ. ಹಣ ಕಟ್ಟಲು ಸರದಿಯಲ್ಲಿ ಬೇರೆ ಯಾರಾದರೂ ನಿಲ್ಲಲಿ.